ನೀರು ಕೇಳದ ಹಗ್ಗ

ನನ್ನ ಮೊಮ್ಮಗಳು ಕಾರನ್ನು ನಿಂತ ಜಾಗದಲ್ಲೇ ಓಡಿಸುತ್ತಾಳೆ. ಹೌದು, ನಿಂತ ಜಾಗದಲ್ಲೇ! ಕೊಪ್ಪಳದ ಹೊರಗೆ ಒಂದು ದೊಡ್ಡ ಗ್ಯಾರೇಜಿದೆ, ಅವಳಿಗೆ ಅಲ್ಲಿ ಕೆಲಸ. ನೆಲದಲ್ಲಿ ಉರುಳೆಗಳನ್ನು ಹೂತಿದ್ದಾರೆ. ಕಾರಿನ ಗಾಲಿಗಳನ್ನು ಅವುಗಳ ಮೇಲೆ ತಂದು ನಿಲ್ಲಿಸಿ, ಹಿಂದೆ ಮುಂದೆ ಪಟ್ಟಿ ಬಿಗಿದು, ಇವಳು ಒಳಗೆ ಕೂತು ಕಾಲಿನಿಂದ ಒತ್ತಿದರೆ ಇಂಜಿನ್ನು ಹುಲಿಯ ಹಾಗೆ ಕೂಗುತ್ತದೆ. ಗಾಲಿ ತಿರುಗುತ್ತವೆ, ಉರುಳೆ ತಿರುಗುತ್ತವೆ, ಕಾರು ಮಾತ್ರ ಇದ್ದಲ್ಲೇ ಇರುತ್ತದೆ. ಪಕ್ಕದಲ್ಲಿರುವ ಟಿವಿಯಂಥದರ ಮೇಲೆ ಆ ಕಾರಿಗೆ ಎಷ್ಟು ಕುದುರೆಯ ಶಕ್ತಿ ಇದೆ ಎಂದು ಅಂಕಿ ಬೀಳುತ್ತದೆ.

ಹೋದ ವಾರ ನನ್ನನ್ನು ಕರೆದುಕೊಂಡು ಹೋಗಿ ಕುರ್ಚಿ ಹಾಕಿ ಕೂರಿಸಿದಳು. ನಾನು ಸುಮ್ಮನೆ ಕೂರುವವಳೇ? ಬಂದವರಿಗೆ, ಹೋದವರಿಗೆ, ಚಹಾ ತಂದವನಿಗೆ, ಎಲ್ಲರಿಗೂ "ಇಕಿ ನಮ್ಮ ಹುಡುಗಿ, ನನ್ನ ಮೊಮ್ಮಗಳ್ರಿ" ಎಂದು ಹೇಳಿದ್ದೇ ಹೇಳಿದ್ದು. ಚಹಾದವನು "ಗೊತ್ತಾತು ಬಿಡವಾ ಯಮ್ಮಾ, ಮೂರ್ ಸಲ ಆತು" ಎಂದು ನಕ್ಕ. ನಗಲಿ. ನನ್ನ ಎದೆ ತುಂಬಿ ಬಾಯಿಗೆ ಬಂದಿತ್ತು, ಅದನ್ನು ಒಳಗೆ ಇಟ್ಟುಕೊಳ್ಳುವುದು ನನ್ನ ಕೈಲಿ ಆಗುತ್ತಿರಲಿಲ್ಲ.

ಆದರೆ ಆ ಅಂಕಿ ಬಿದ್ದ ಕೂಡಲೇ ನನ್ನ ಹಳೆಯ ಅಂಜಿಕೆ ಎದ್ದಿತು. ಸುತ್ತ ನಿಂತವರು "ಭಾರಿ ಐತಿ, ಛಲೋ ಐತಿ" ಎಂದು ಖುಷಿಪಡುತ್ತಿದ್ದರು. "ಹಗ್ಗಕ್ಕ ಎಣ್ಣಿ ಹಚ್ಚಿಲ್ಲಲ್ಲ ನೀವು?" ಎಂದು ಕೇಳಿಯೇ ಬಿಟ್ಟೆ.

"ಯಾವ ಹಗ್ಗ ಅಜ್ಜಿ? ಇಲ್ಲಿ ಹಗ್ಗನ ಇಲ್ಲಲ್ಲ."

ಅವಳಿಗೆ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೆಯ ತರಗತಿ, ಯಲಬುರ್ಗಾ ಕಡೆಯ ತಳಕಲ್ಲಿನ ಸಾಲೆಯಲ್ಲಿ. ಒತ್ತು ತಪ್ಪಿದ್ದರೆ ತಿದ್ದಿಕೊಳ್ಳಲಿ. ಭಯ ಎಲ್ಲಿಂದ ಬಂತು ಎನ್ನುವುದು ಮಾತ್ರ ತಪ್ಪಿಲ್ಲ.

ತಳಕಲ್ಲು ಒಣಭೂಮಿ. ನನ್ನನ್ನು ಕೊಟ್ಟಿದ್ದು ನವಲಿಗೆ, ಕಾಲುವೆಯ ನೀರು ಬಂದು ಎಲ್ಲೆಲ್ಲೂ ಭತ್ತ ನಿಂತ ಸೀಮೆಗೆ. ಅಲ್ಲಿಗೆ ಹೋದ ಹೊಸತರಲ್ಲಿ ಅಷ್ಟು ಹಸಿರನ್ನು ನೋಡಿ ಕಣ್ಣು ನೋಯುತ್ತಿತ್ತು. ನನ್ನ ಮೊದಲ ಕೂಸು ಉಳಿಯಲಿಲ್ಲ. ಅದರ ಬಗ್ಗೆ ಬರೆಯಲಾರೆ. ಆಮೇಲೆ ಎಷ್ಟೋ ದಿನ ಬಸಿರೇ ನಿಲ್ಲಲಿಲ್ಲ. ನಮ್ಮ ಅತ್ತೆ ಹೇಮಗುಡ್ಡದ ದುರ್ಗಮ್ಮನಿಗೆ ಹರಕೆ ಹೊತ್ತರು: ಕೂಸು ಹುಟ್ಟಿ ಉಳಿದರೆ ಅದರ ಜಾವಳ, ಹುಟ್ಟುಗೂದಲು, ನಿನ್ನ ಗುಡ್ಡದಲ್ಲೇ ತೆಗೆಸುತ್ತೇವೆ, ಎರಡು ಚೀಲ ಭತ್ತ ನಿನ್ನ ಅಡಿಗೆಮನೆಗೆ. ಮಗಳು ಹುಟ್ಟಿದಳು. ಉಳಿದಳು. ಮೂರು ವರ್ಷ ತುಂಬುವ ಹೊತ್ತಿಗೆ ಅವಳ ಕೂದಲು ಭುಜಕ್ಕೆ ಬಂದಿತ್ತು. ಕೆಮ್ಮಿದರೆ ನಾನು ಎದ್ದು ಕೂರುತ್ತಿದ್ದೆ, ಕೆಮ್ಮದಿದ್ದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ.

ಆ ವರ್ಷವೇ ನಮ್ಮ ಮನೆಗೆ ಜೀಪು ಬಂತು. ಎಂಬತ್ತರ ಆಸುಪಾಸು. ಮುನಿರಾಬಾದಿನ ಡ್ಯಾಮಿನ ಕೆಲಸಕ್ಕೆ ಓಡಿ ಸತ್ತ ಹಳೆಯ ಗಾಡಿಗಳನ್ನು ಹರಾಜು ಹಾಕಿದಾಗ ನಮ್ಮ ಯಜಮಾನರು ಒಂದನ್ನು ಹಿಡಿದು ತಂದರು. ಎತ್ತು ಕಟ್ಟಿ ಎಳೆದು ತಂದರು ಎನ್ನುವುದೇ ಸರಿ. ಅದರೊಳಗೆ ಇಂಜಿನ್ನೇ ಇರಲಿಲ್ಲ. ಪೆಟ್ರೋಲು ಯಾರು ಹಾಕುತ್ತಾರೆ, ಡೀಸೆಲ್ಲಿನದೇ ಇರಲಿ ಎಂದು ಗಂಗಾವತಿಯ ಒಂದು ಅಕ್ಕಿ ಗಿರಣಿಯವರು ತೆಗೆದು ಮೂಲೆಗೆ ಹಾಕಿದ್ದ ಇಂಜಿನ್ನನ್ನು ತಂದರು. ಅದನ್ನು ಜೀಪಿಗೆ ಕೂರಿಸಿ ನವಲಿಯಿಂದ ಗಂಗಾವತಿಗೆ, ಸಂತೆಯ ದಿನ ಕುಷ್ಟಗಿಗೆ ಬಾಡಿಗೆಗೆ ಮಂದಿಯನ್ನು ಸಾಗಿಸುವುದು ಅವರ ಆಸೆ. ಮೊದಲ ಸವಾರಿ ಎಲ್ಲಿಗೆ ಎಂದು ಯಾರೂ ಕೇಳಬೇಕಿರಲಿಲ್ಲ. ನಮ್ಮ ಕಡೆ ಹೊಸ ಗಾಡಿ ಬಂದರೆ ಮೊದಲು ಹೇಮಗುಡ್ಡಕ್ಕೆ. ಪೂಜೆಯೂ ಆಯಿತು, ಜಾವಳವೂ ಆಯಿತು ಎಂದು ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದರು.

ಗುಡ್ಡಕ್ಕೆ ಏರು. ಆಗ ಡಾಂಬರು ಇರಲಿಲ್ಲ, ಗರಸು ದಾರಿ, ಒಂದು ಮಗ್ಗಲಲ್ಲಿ ಬಂಡೆ, ಇನ್ನೊಂದು ಮಗ್ಗಲಲ್ಲಿ ಆಳಕ್ಕೆ ಇಳಿದ ತಗ್ಗು. ಏರು ಎನ್ನುವ ಮಾತು ಕೇಳಿದರೇ ನನಗೆ ಆಗುತ್ತಿರಲಿಲ್ಲ. ನಾನು ಸಣ್ಣವಳಿದ್ದಾಗ ಹಳ್ಳದ ದಂಡೆ ಏರುವಾಗ ನಮ್ಮಪ್ಪನ ಬಂಡಿ ಹಿಂದಕ್ಕೆ ಜಾರಿತ್ತು. ಎತ್ತುಗಳು ಮೊಣಕಾಲೂರಿದವು. ನಾವ್ಯಾರೂ ಸಾಯಲಿಲ್ಲ, ಆದರೆ ನೊಗ ಎತ್ತಿನ ಕೊರಳನ್ನು ಒತ್ತಿದಾಗ ಅದು ಮಾಡಿದ ಸದ್ದು ನನ್ನ ಕಿವಿಯಿಂದ ಹೋಗಿಲ್ಲ.

"ಈ ಗಿರಣಿ ಇಂಜಿನ್ನು ಗುಡ್ಡ ಹತ್ತತೈತೇನ್ರಿ?" ಎಂದು ಯಜಮಾನರನ್ನು ಕೇಳಿದೆ. "ಕೂಸು ಇರತೈತಿ ಒಳಗ."

"ತೂಗಿ ನೋಡೇ ಕೂರಸ್ತೀವಿ. ಮೇಸ್ತ್ರಿ ಡ್ಯಾಮಿನ ವರ್ಕಶಾಪಿನ್ಯಾಗ ಇದ್ದಂವ. ಅಲ್ಲಿ ಹೆಂಗ ಕುದುರಿ ಲೆಕ್ಕ ಹಾಕ್ತಾರ, ಹಂಗ ಹಾಕ್ತಾನ," ಎಂದರು.

ಮೇಸ್ತ್ರಿ ಗಂಗಾವತಿಯವನು, ಕೈ ತುಂಬ ಗ್ರೀಸು, ಬಾಯಿ ತುಂಬ ಮಾತು. ನಮ್ಮ ಅಂಗಳದಲ್ಲಿ ಮರದ ದಿಮ್ಮಿಗಳ ಮೇಲೆ ಇಂಜಿನ್ನನ್ನು ಕೂರಿಸಿ ಬೋಲ್ಟು ಬಿಗಿದ. ಅದರ ತಿರುಗುವ ತುದಿಗೆ ಒಂದು ಕಬ್ಬಿಣದ ಡ್ರಮ್ಮು ಹಾಕಿದ. ಮೇಲೆ ಎರಡು ಕಂಬ ನೆಟ್ಟು ಅಡ್ಡ ತೊಲೆ. ತೊಲೆಗೆ ಒಂದು ತೂಗುವ ಕಾಟಾ ನೇತು ಹಾಕಿದ, ಭತ್ತದ ಅಂಗಡಿಗಳಲ್ಲಿ ಇರುತ್ತದಲ್ಲ, ಮೇಲೆ ಕೊಂಡಿ, ಕೆಳಗೆ ಕೊಕ್ಕೆ, ನಡುವೆ ಗಡಿಯಾರದ ಮುಖ, ಅಂಥದು. ಕಾಟಾ ನನ್ನ ಮೈದುನನದು. ಅವನು ಗಂಗಾವತಿಯ ದಲಾಲಿ ಅಂಗಡಿಯಲ್ಲಿ ಭತ್ತ ತೂಗುವವನು. ಆ ಮುಳ್ಳು ನೋಡಿ ತೂಕ ಕೂಗುವುದೇ ಅವನ ಅನ್ನ.

ಇನ್ನು ಉಳಿದದ್ದು ಹಗ್ಗ. ಕಾಟಾದ ಕೊಕ್ಕೆಗೆ ಹಗ್ಗದ ಒಂದು ತುದಿ ಕಟ್ಟಿ, ಅದನ್ನು ಕೆಳಗೆ ತಂದು ಡ್ರಮ್ಮಿಗೆ ಒಂದು ಸುತ್ತು ಸುತ್ತಿ, ಇನ್ನೊಂದು ತುದಿಗೆ ಒಂದು ಚೀಲ ಭತ್ತ ಜೋತುಬಿಡಬೇಕು. ಆಮೇಲೆ ಇಂಜಿನ್ನು ಚಾಲೂ. ಡ್ರಮ್ಮು ತಿರುಗಿ ಹಗ್ಗವನ್ನು ಉಜ್ಜುತ್ತದೆ, ಇಂಜಿನ್ನಿಗೆ ಭಾರ ಬೀಳುತ್ತದೆ. ಎಷ್ಟು ಭಾರ ಹೊತ್ತು ಎಷ್ಟು ಜೋರಾಗಿ ತಿರುಗುತ್ತದೋ ಅಷ್ಟು ಕುದುರೆ. ಮೇಸ್ತ್ರಿ ಹೇಳಿದ್ದು ಇಷ್ಟು.

"ಹಗ್ಗ ಸುಡತೈತ್ರಿ ಅಕ್ಕಾರ, ಹೊಗಿ ಬರತೈತಿ," ಎಂದು ನನ್ನ ಕಡೆ ತಿರುಗಿದ. "ನೀವು ಕೊಡದಾಗ ನೀರು ಹಿಡಕೊಂಡು ನಿಂದರ್ರಿ. ನಾ ನೀರಾ ಅಂದ ಕೂಡ್ಲೆ ಡ್ರಮ್ಮಿನ ಮ್ಯಾಲ ಹಾಕಬೇಕು. ತಡ ಆತಂದ್ರ ಹಗ್ಗ ಹರೀತೈತಿ, ಚೀಲ ನನ್ನ ಕಾಲ ಮ್ಯಾಲ ಬೀಳತೈತಿ."

ನಾನು ಕೊಡ ತುಂಬಿಕೊಂಡು ಬಂದು ನಿಂತೆ. ಮಗಳನ್ನು ಒಳಗೆ ಕೂಡಿಸಿ ಬಾಗಿಲು ಎಳೆದುಕೊಂಡಿದ್ದೆ. ಅವಳು ಕಿಟಕಿಯ ಸರಳು ಹಿಡಿದು ನೋಡುತ್ತಿದ್ದಳು.

ಆಗ ಅತ್ತೆ ಒಳಗಿನಿಂದ ಬಟ್ಟಲು ತಂದರು. ಔಡಲೆಣ್ಣೆ. ನಮ್ಮ ಮನೆಯಲ್ಲಿ ಯಾವ ಹೊಸ ಹಗ್ಗವೂ ಒಣದಾಗಿಯೇ ಕೆಲಸಕ್ಕೆ ಇಳಿಯುತ್ತಿರಲಿಲ್ಲ. ಬಾವಿಯ ಹಗ್ಗವಿರಲಿ, ಎತ್ತಿನ ಕೊರಳ ಹಗ್ಗವಿರಲಿ, ನನ್ನ ಮಗಳ ತೊಟ್ಟಿಲಿನದೇ ಇರಲಿ, ಔಡಲೆಣ್ಣೆ ಉಂಡ ಮೇಲೇ ಅದಕ್ಕೆ ಕೆಲಸ. ಅತ್ತೆ ಕೂತು, ಹಗ್ಗವನ್ನು ತೊಡೆಯ ಮೇಲೆ ಎಳೆದುಕೊಂಡು, ಎಳೆಎಳೆಗೂ ಎಣ್ಣೆ ತಿಕ್ಕಿದರು. ಕಡೆಗೆ ಡ್ರಮ್ಮಿಗೂ ಎರಡು ಬೆರಳು ಎಣ್ಣೆ ಹಚ್ಚಿ ಕುಂಕುಮ ಇಟ್ಟರು.

"ಯಮ್ಮಾ, ಡ್ಯಾಮಿನ್ಯಾಗ ಹಿಂಗ ಎಣ್ಣಿ ಹಚ್ಚತಿರಲಿಲ್ಲ," ಎಂದ ಮೇಸ್ತ್ರಿ.

"ಅದು ಸರಕಾರದ ಹಗ್ಗ. ಹರದ್ರ ಸರಕಾರ ತರತೈತಿ. ಇದು ನಮ್ಮದು. ಒಣ ಹಗ್ಗ ಕೈ ಕಡೀತೈತಿ, ತಾನೂ ಹರೀತೈತಿ. ನಿನ್ನ ಕಾಲು ಉಳೀಬೇಕೋ ಬ್ಯಾಡೋ?"

ಕಾಲಿನ ಮಾತು ಬಂದ ಮೇಲೆ ಮೇಸ್ತ್ರಿ ಹಗ್ಗವನ್ನು ಡ್ರಮ್ಮಿಗೆ ಸುತ್ತಿ ಚೀಲ ಜೋತುಬಿಟ್ಟ.

ಇಂಜಿನ್ನು ಚಾಲೂ ಆಯಿತು. ಡುಗ್ ಡುಗ್ ಡುಗ್. ಅಂಗಳದ ಕೋಳಿಗಳೆಲ್ಲ ಹಿತ್ತಲಿಗೆ ಓಡಿದವು. ಚೀಲ ನೆಲ ಬಿಟ್ಟು ಗೇಣಿನಷ್ಟು ಮೇಲೆ ಜೋತಾಡುತ್ತಿತ್ತು. ಡ್ರಮ್ಮು ಕಣ್ಣಿಗೆ ಕಾಣದಷ್ಟು ಬೇಗ ತಿರುಗಿತು. ನಾನು ಕೊಡವನ್ನು ಸೊಂಟದಿಂದ ಎದೆಗೆ ಎತ್ತಿ ಹಿಡಿದೆ. ನೀರಾ ಎನ್ನುತ್ತಾನೆ, ಈಗ ಎನ್ನುತ್ತಾನೆ. ಅರ್ಧ ನೀರು ನನ್ನ ಸೀರೆಯ ಮೇಲೇ ಚೆಲ್ಲಿತು.

ಅವನು ಕೇಳಲಿಲ್ಲ. ಹೊಗೆ ಬರಲಿಲ್ಲ. ಮೈದುನ ಕಾಟಾದ ಮುಖಕ್ಕೆ ಮುಖ ಕೊಟ್ಟು ನಿಂತಿದ್ದವನು, ಅಂಗಡಿಯಲ್ಲಿ ಕೂಗುವ ಹಾಗೆಯೇ ಕೂಗಿದ: "ತುಂಬ ಚೀಲ! ಚಾಲೂ ಮಾಡೂಕ್ಕಿಂತ ಮೊದಲು ಎಷ್ಟಿತ್ತು, ಈಗೂ ಅಷ್ಟ! ಒಂದ್ ಸೇರ್ ಕಡಿಮಿ ಆಗವಲ್ದು ನೋಡಣ್ಣಾ!"

"ಇಂಜಿನ್ನಿನ ಉಸುರು ಕೇಳ್ರಿ," ಎಂದ ಮೇಸ್ತ್ರಿ. "ಒಂದ್ ಚೀಲ ಹೊತ್ತು ದಮ್ಮು ಹತ್ತವಲ್ದು! ಗಿರಣಿಯವರಿಗೆ ಬುದ್ಧಿ ಇಲ್ಲ, ಇಂಥಾದ್ದು ಒಗದಾರ." ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುಣಿಸಿ, ಭಾಗಿಸಿ, ಇಪ್ಪತ್ತು ಕುದುರೆಗೂ ಮೇಲೆ ಎಂದು ಬರೆದು ಅಡಿಯಲ್ಲಿ ಗೆರೆ ಎಳೆದ.

ಅತ್ತೆ ಬೆಲ್ಲ ಹಂಚಿದರು. ನನ್ನ ಕೊಡದಲ್ಲಿ ಉಳಿದ ನೀರು ಹಾಗೆಯೇ ಇತ್ತು.

ನನಗೆ ಕುದುರೆಯ ಲೆಕ್ಕ ತಿಳಿಯುತ್ತಿರಲಿಲ್ಲ. ಅಂಜುಬುರುಕಿಗೆ ಯಾವುದೂ ಲೆಕ್ಕ ಬೇಕಿಲ್ಲ. ಸುಡುತ್ತದೆ, ಹೊಗೆ ಬರುತ್ತದೆ, ನೀರು ಹಾಕದಿದ್ದರೆ ಹರಿಯುತ್ತದೆ ಎಂದವನು ನೀರನ್ನೇ ಕೇಳಲಿಲ್ಲವಲ್ಲ ಎನ್ನುವುದು ಹಲ್ಲಿನ ಸಂದಿಯಲ್ಲಿ ಸಿಕ್ಕ ಜೋಳದ ಸಿಪ್ಪೆಯ ಹಾಗೆ ಕಾಡತೊಡಗಿತು. ಉಣ್ಣಲು ಬಡಿಸುವಾಗ ಕೇಳಿದೆ.

"ನೀರು ಯಾಕ ಬೇಕಾಗಲಿಲ್ರಿ?"

"ಅವ್ವ ಎಣ್ಣಿ ಹಚ್ಯಾಳಲ್ಲ. ಹಗ್ಗ ತಂಪ ಇತ್ತು," ಎಂದರು ಯಜಮಾನರು.

"ವೈನೀ, ನಿನಗ ಸುಟ್ರೂ ಅಂಜಿಕಿ, ಸುಡದಿದ್ರೂ ಅಂಜಿಕಿ," ಎಂದ ಮೈದುನ. "ನಾಳಿಂದ ನಿನ್ನ ಅಂಜಿಕಿನೂ ಕಾಟಾಕ್ಕ ಹಾಕೂಣು. ಎಷ್ಟು ಕುದುರಿ ಆಗತೈತಿ ನೋಡೂಣು." ಎಲ್ಲರೂ ನಕ್ಕರು. ನಾನೂ ನಕ್ಕೆ.

ಶುಕ್ರವಾರ ಹೊರಟೆವು. ಮುಂದೆ ಯಜಮಾನರು, ಪಕ್ಕದಲ್ಲಿ ಮೇಸ್ತ್ರಿ. ಹಿಂದೆ ಎದುರುಬದುರು ಹಲಗೆಗಳ ಮೇಲೆ ಅತ್ತೆ, ಮೈದುನ, ಬೀಗರ ಕಡೆಯ ಮೂರ್ನಾಲ್ಕು ಮಂದಿ, ಮತ್ತು ಎಲ್ಲರಿಗಿಂತ ಹಿಂದೆ, ಇಳಿಯುವ ಬಾಯಿಯ ಹತ್ತಿರ ನಾನು. ಮಗಳು ನನ್ನ ತೊಡೆಯ ಮೇಲೆ. ಕಾಲಿನ ಹತ್ತಿರ ಹರಕೆಯ ಎರಡು ಚೀಲ ಭತ್ತ. ಅದರಲ್ಲಿ ಒಂದು, ಅಂಗಳದಲ್ಲಿ ತೂಗಿದ ಅದೇ ಚೀಲ. ಅದು ಆಗಲೇ ಪುಣ್ಯದ ಚೀಲ ಎಂದು ಅತ್ತೆ ಅದಕ್ಕೂ ಕುಂಕುಮ ಇಟ್ಟಿದ್ದರು. ಗಾಲಿಗಳ ಕೆಳಗೆ ನಿಂಬೆಹಣ್ಣು ಚಟ್ಟೆಂದವು.

ಸಪಾಟು ದಾರಿಯಲ್ಲಿ ಜೀಪು ಚೆನ್ನಾಗಿಯೇ ಓಡಿತು. ಭತ್ತದ ಗದ್ದೆಗಳು, ಕಾಲುವೆಯ ಏರಿ, ಗಾಳಿ. ಮಗಳು ಕೈ ಹೊರಗೆ ಚಾಚಿ ಕಿಲಕಿಲ ನಗುತ್ತಿದ್ದಳು. ನಾನು ಅವಳ ಲಂಗದ ಲಾಡಿಯನ್ನು ನನ್ನ ಮುಂಗೈಗೆ ಎರಡು ಸುತ್ತು ಸುತ್ತಿಕೊಂಡೆ. ಯಾರಿಗೂ ಕಾಣದ ಹಾಗೆ ಸೆರಗು ಮುಚ್ಚಿದೆ, ಕಂಡರೆ ನಗುತ್ತಾರೆಂದು.

ಗುಡ್ಡದ ಬುಡ ಬಂತು. ದಾರಿ ಮೇಲಕ್ಕೆ ಎದ್ದಿತು. ಹಿಂದಿನ ಬಾಯಿಯಲ್ಲಿ ಕೂತವಳಿಗೆ ಏರು ಹೇಗೆ ಕಾಣುತ್ತದೆ ಗೊತ್ತೇ? ಮುಂದಿದ್ದವರಿಗೆ ಗುಡಿ ಕಾಣುತ್ತದೆ. ನನಗೆ ನಾವು ಬಿಟ್ಟುಬಂದ ನೆಲ ಕೆಳಕ್ಕೆ ಕೆಳಕ್ಕೆ ಬೀಳುತ್ತಿರುವುದು ಕಾಣುತ್ತಿತ್ತು. ಮೈಯೆಲ್ಲ ಹಿಂದಕ್ಕೆ ವಾಲಿತು. ಚೀಲಗಳು ನನ್ನ ಕಾಲಿನ ಮೇಲೆ ಜಾರಿ ಬಂದು ಒತ್ತಿದವು.

ಡುಗ್ ಡುಗ್ ಎನ್ನುತ್ತಿದ್ದ ಇಂಜಿನ್ನು ಡುಗ್... ಡುಗ್... ಎಂದಿತು. ಸಣ್ಣ ಗೇರಿಗೆ ಹಾಕಿದರು. ಕರಿಹೊಗೆ ಬುಸ್ಸೆಂದು ನನ್ನ ಮುಖಕ್ಕೇ ಬಂತು. ಅಂಗಳದಲ್ಲಿ ಬರದ ಹೊಗೆ ಇಲ್ಲಿ ಬಂತು!

"ಹತ್ತತೈತಿ, ಹತ್ತತೈತಿ, ಒತ್ರಿ ಯಜಮಾನ್ರ!" ಮೇಸ್ತ್ರಿಯ ದನಿ.

"ಒತ್ತೇನಿ! ಇನ್ನೇನ್ ಕಾಲು ಮುರಕೊಳ್ಳಲೇನು?"

ಅರ್ಧ ಏರಿನಲ್ಲಿ ಇಂಜಿನ್ನು ಒಮ್ಮೆ ಕುಲುಕಾಡಿತು. ನಿಂತಿತು. ಆ ನಿಶ್ಶಬ್ದ ಇದೆಯಲ್ಲ, ಅದನ್ನು ಹೇಗೆ ಬರೆಯಲಿ? ಎಲ್ಲಿಯೋ ಒಂದು ಕುರಿ ಕೂಗಿದ್ದು ಕೇಳಿಸಿತು. ಆಮೇಲೆ ಯಜಮಾನರು ಬ್ರೇಕು ತುಳಿದ ಕೀರಲು. ಆಮೇಲೆ ಮೆಲ್ಲಗೆ, ಬಹಳ ಮೆಲ್ಲಗೆ, ಗರಸು ಕರಕರ ಎನ್ನುತ್ತ ನಾವು ಹಿಂದಕ್ಕೆ ಹೊರಟೆವು.

"ಬ್ರೇಕ ಹಿಡಿಯವಲ್ದು! ಇಳೀರಿ! ಇಳೀರಿ ಎಲ್ಲಾರೂ!"

ಇಳಿಯುವ ಬಾಯಿಯಲ್ಲಿ ಇದ್ದವಳು ನಾನು. ನಾನು ಇಳಿದರೆ ತಾನೇ ಉಳಿದವರು ಇಳಿಯುವುದು! ಮಗಳನ್ನು ಎದೆಗೆ ಒತ್ತಿಕೊಂಡೆ. ಏಳಲು ಹೋದರೆ ಕಾಲು ಬರಲಿಲ್ಲ. ಚೀಲದ ಭಾರ ಎರಡು ಪಾದಗಳ ಮೇಲೂ ಕೂತಿತ್ತು. ಹಿಂದೆ ತಗ್ಗು ನನ್ನ ಕಣ್ಣ ಮುಂದೆಯೇ ಹತ್ತಿರ ಬರುತ್ತಿದೆ. ಮಗಳ ಕೂದಲು ನನ್ನ ಬಾಯೊಳಗೆ. ಅವ್ವಾ ದುರ್ಗಮ್ಮಾ ಎಂದೆನೋ, ಅಪ್ಪಾ ಎಂದೆನೋ ತಿಳಿಯದು, ಬೆನ್ನನ್ನು ಹಲಗೆಗೆ ಕೊಟ್ಟು, ಇದ್ದ ಬದ್ದ ಜೀವವನ್ನೆಲ್ಲ ಕಾಲಿಗೆ ತಂದು ಆ ಚೀಲವನ್ನು ಒದ್ದೆ. ನನ್ನ ದಾರಿಗೆ ಅಡ್ಡವಾಗಿದೆ, ತೊಲಗಲಿ, ಅಷ್ಟೇ ನನ್ನ ತಲೆಯಲ್ಲಿದ್ದುದು. ಅದು ಹೊರಳಿ ಹೊರಗೆ ಬಿತ್ತು. ಅದೇ ಹೊತ್ತಿಗೆ ಯಜಮಾನರು ಬಂಡೆಯ ಮಗ್ಗಲಿಗೆ ಸ್ಟೇರಿಂಗು ಎಳೆದಿದ್ದರು. ಜೀಪಿನ ಹಿಂಭಾಗ ಸೊಟ್ಟಗೆ ಹೊರಳಿತು. ಬಲಗಡೆಯ ಗಾಲಿ ಚೀಲದ ಮೇಲೆ ಧಪ್ಪೆಂದು ಹತ್ತಿ, ಒಂದು ಕ್ಷಣ ತೂಗಿ, ಕೂತುಬಿಟ್ಟಿತು.

ಮೇಸ್ತ್ರಿ ಮುಂದಿನಿಂದ ಹಾರಿ ಬಂದು ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟ. ಚೀಲ ಹರಿದಿತ್ತು. ಭತ್ತ ಸುರ್ರೆಂದು ಇಳಿಜಾರಿನಲ್ಲಿ ಹರಿದು, ದಾರಿಯ ಅಂಚಿನಿಂದ ತಗ್ಗಿನೊಳಕ್ಕೆ ಬೀಳತೊಡಗಿತು.

"ಯವ್ವಾ," ಎಂದಳು ನನ್ನ ಮಗಳು, ನನ್ನ ಎದೆಯೊಳಗಿನಿಂದಲೇ. "ಭತ್ತ ಚೆಲ್ಲಿತು. ಆಯಿ ಬೈತಾಳ."

ಅವಳ ಆಯಿ, ನಮ್ಮ ಅತ್ತೆ, ಬೈಯುವ ಸ್ಥಿತಿಯಲ್ಲಿ ಇರಲಿಲ್ಲ. ಕೆಳಗಿಳಿದು ದಾರಿಯ ನಡುವೆಯೇ ಕೂತು ಮೊಮ್ಮಗಳ ಕಾಲು, ಕೈ, ತಲೆ ಎಲ್ಲ ಮುಟ್ಟಿ ಮುಟ್ಟಿ ನೋಡಿದರು. ಉಳಿದ ದಾರಿಯನ್ನು ನಡೆದೇ ಹತ್ತಿದೆವು. ಜಾವಳ ಆಯಿತು. ಕ್ಷೌರದ ಕತ್ತಿ ಮಗಳ ತಲೆಯ ಮೇಲೆ ಓಡುವಾಗ ನಾನು ಆ ಬೋಳು ನೆತ್ತಿಯನ್ನು ನೋಡಿ ನೋಡಿ ಅತ್ತುಬಿಟ್ಟೆ. ಯಜಮಾನರು ಒಂದು ಕಂಬಕ್ಕೆ ಒರಗಿ ನಿಂತಿದ್ದರು. ಅವರ ಬಲಗಾಲು ಇನ್ನೂ ಬ್ರೇಕು ತುಳಿಯುತ್ತಿರುವ ಹಾಗೆ ಅದುರುತ್ತಿತ್ತು. ಎಲ್ಲರೂ ನನ್ನನ್ನು ಜಾಣೆ ಎಂದರು, ಚೀಲ ಒದ್ದು ಗಾಡಿ ನಿಲ್ಲಿಸಿದಳು ಎಂದರು. ನಾನು ಗಾಡಿ ನಿಲ್ಲಿಸಲು ಒದೆಯಲಿಲ್ಲ, ಹಾರಲು ಒದ್ದೆ ಎಂದು ಎಷ್ಟು ಹೇಳಿದರೂ ಕೇಳುವವರಿಲ್ಲ.

ಇಳಿಯುವಾಗ ಮೇಸ್ತ್ರಿಗೂ ಮೈದುನನಿಗೂ ಜಗಳ ಹತ್ತಿಕೊಂಡಿತು.

"ನಿನ್ನ ಕಾಟಾ ಸುಳ್ಳು ಹೇಳ್ತು!"

"ನನ್ನ ಕಾಟಾ ಯಾಕ ಸುಳ್ಳು ಹೇಳತೈತೋ? ದಿನಾ ಅದರಾಗ ಭತ್ತ ತೂಗತೀನಿ. ನಿನ್ನ ಗ್ವಾಡಿ ಮ್ಯಾಲಿನ ಲೆಕ್ಕ ಸುಳ್ಳು!"

"ಡ್ಯಾಮಿನ್ಯಾಗ ಹತ್ತ್ ಸಲ ನೋಡೇನಿ!"

"ನೋಡಿದ್ದಿ, ಮಾಡಿದ್ದೇನ?"

ಅಲ್ಲಿಯೇ ಇತ್ತು ಎಡವಟ್ಟು. ಡ್ಯಾಮಿನಲ್ಲಿ ಮೇಸ್ತ್ರಿ ಹಗ್ಗ ಕಟ್ಟುತ್ತಿದ್ದ, ನೀರು ಹಾಕುತ್ತಿದ್ದ. ಲೆಕ್ಕ ಹಾಕುವವರು ಬೇರೆ. ಪಾಪ, ಅವನಿಗೂ ನಾಚಿಕೆ, ಹೆದರಿಕೆ ಎರಡೂ ಆಗಿತ್ತು. ಮರುದಿನವೇ ಮುನಿರಾಬಾದಿಗೆ ಹೋಗಿ ಹಳೆಯ ವರ್ಕ್‌ಶಾಪಿನವರನ್ನು ಕೇಳಿಕೊಂಡು ಬಂದ. ಬಂದವನು ಚಹಾ ಸಹ ಮುಟ್ಟದೆ ಜಗಲಿಯ ಮೇಲೆ ಕೂತು ಹೇಳಿದ.

"ಕಾಟಾದಾಗ ಬಂದದ್ದು ಇಂಜಿನ್ನಿನ ಶಕ್ತಿ ಅಲ್ಲಂತ್ರಿ. ಚೀಲದ ತೂಕದಾಗ ಅದನ್ನ ಕಳೀಬೇಕಂತ."

"ಕಳಿಯೂದಂದ್ರ?" ಮೈದುನನಿಗೆ ಅದು ತಲೆಗೇ ಹತ್ತಲಿಲ್ಲ. ಮುಳ್ಳು ಎಷ್ಟು ತೋರಿಸುತ್ತದೋ ಅಷ್ಟು ಮಾಲು, ಅದು ಅವನು ಹುಟ್ಟಿದಾಗಿನಿಂದ ಕಂಡ ನ್ಯಾಯ. ಗಂಗಾವತಿಯ ಪೇಟೆಯಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು.

ಮೇಸ್ತ್ರಿ ಬಿಡಿಸಿ ಹೇಳಿದ. ಒಣ ಹಗ್ಗ ಡ್ರಮ್ಮನ್ನು ಕಚ್ಚಿ ಹಿಡಿಯುತ್ತದೆ. ಡ್ರಮ್ಮು ತಿರುಗುತ್ತ ಹಗ್ಗವನ್ನು ಎಳೆದು ಚೀಲವನ್ನು ಎತ್ತಲು ನೋಡುತ್ತದೆ. ಆಗ ಚೀಲದ ಭಾರ ಇಂಜಿನ್ನಿನ ಮೇಲೆ ಬಿದ್ದು ಕಾಟಾ ಹಗುರಾಗುತ್ತದೆ. ಮುಳ್ಳು ಎಷ್ಟು ಇಳಿಯಿತೋ ಅಷ್ಟೇ ಇಂಜಿನ್ನು ಹೊತ್ತ ಭಾರ. ನಾವು ಹಗ್ಗಕ್ಕೆ ಎಣ್ಣೆ ಕುಡಿಸಿದ್ದೆವು. ಅದು ಕಚ್ಚಲೇ ಇಲ್ಲ. ಡ್ರಮ್ಮು ಅದರ ಒಳಗೆ ಸುಮ್ಮನೆ ನುಣ್ಣಗೆ ತಿರುಗಿತು. ಚೀಲ ತೊಲೆಗೆ ಜೋತುಬಿದ್ದಿತ್ತು, ಅಷ್ಟೇ.

ಅತ್ತೆ ತಮ್ಮ ಅಂಗೈ ನೋಡಿಕೊಂಡರು.

"ಅಂದ್ರ," ಎಂದರು ಅತ್ತೆ, "ನಾವು ಆವತ್ತು ಭತ್ತ ತೂಗಿ ಬೆಲ್ಲ ಹಂಚಿದಿವಿ."

ಯಜಮಾನರು ಮೊದಲು ನಕ್ಕರು. ಆಮೇಲೆ ಮೈದುನ. ನನಗೆ ನಗು ಬರಲಿಲ್ಲ. ನೀರು ತುಂಬಿದ ಆ ಕೊಡ ನೆನಪಾಗಿ, ಮಗಳ ಕೂದಲು ಬಾಯೊಳಗೆ ಬಂದಂತಾಗಿ, ಒಳಗೆ ಹೋಗಿ ಮಲಗಿದ್ದ ಅವಳ ಪಕ್ಕದಲ್ಲಿ ಕೂತೆ. ಆ ದಿನಗಳಲ್ಲಿ ನನ್ನ ಮೈಗೆ ಒಂದು ರೋಗ ಅಂಟಿಕೊಂಡಿತ್ತು. ಒಲೆಯ ಮುಂದೆ ಕೂತಾಗ, ಗದ್ದೆಯ ಬದುವಿನಲ್ಲಿ ನಡೆಯುವಾಗ, ಇದ್ದಕ್ಕಿದ್ದ ಹಾಗೆ ನೆಲ ಹಿಂದಕ್ಕೆ ಜಾರಿದಂತಾಗಿ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಿದ್ದೆ.

ಮತ್ತೆ ಇಂಜಿನ್ನನ್ನು ಬಿಚ್ಚಿ ದಿಮ್ಮಿಗಳ ಮೇಲೆ ಕೂರಿಸಿದರು. ಡ್ರಮ್ಮನ್ನು ಬೂದಿ ಹಾಕಿ ತಿಕ್ಕಿ ತೊಳೆದದ್ದು ಸ್ವತಃ ಅತ್ತೆ. ಹೊಸ ಹಗ್ಗ, ಒಣದು. ಎಣ್ಣೆಯ ಬಟ್ಟಲನ್ನು ಅವರು ಅಟ್ಟದ ಮೇಲೆ ಇಟ್ಟು ಬಂದರು, ಕೈ ತಡೆಯಲಿಕ್ಕಿಲ್ಲ ಎಂದು. ನಾನು ಮಗಳನ್ನು ಸೊಂಟದಲ್ಲಿ ಕೂರಿಸಿಕೊಂಡೇ ಕೊಡ ಹಿಡಿದು ನಿಂತೆ. ಒಳಗೆ ಬಿಟ್ಟು ಬರಲು ಮನಸ್ಸಾಗಲಿಲ್ಲ.

ತುಂಬಿದ ಚೀಲ ಕಟ್ಟಿ ಚಾಲೂ ಮಾಡಿದ್ದೇ ತಡ, ಹಗ್ಗ ಕಿರ್ರೆಂದಿತು. ಮುಳ್ಳು ಸರ್ರೆಂದು ಕೆಳಗಿಳಿಯಿತು. ಇಂಜಿನ್ನು ಕರಿಹೊಗೆ ಉಗುಳಿ, ಗುಡ್ಡದ ಮೇಲೆ ಮಾಡಿದ್ದ ಅದೇ ಸದ್ದು ಮಾಡಿ ನಿಂತೇಬಿಟ್ಟಿತು. ಆ ಸದ್ದಿಗೆ ಮಗಳನ್ನು ಬಿಗಿಯಾಗಿ ಹಿಡಿದುಕೊಂಡೆ. ಆದರೆ ಇದು ಅಂಗಳ. ಇಲ್ಲಿ ನಿಂತರೆ ಯಾರೂ ತಗ್ಗಿಗೆ ಬೀಳುವುದಿಲ್ಲ.

ಅರ್ಧ ಚೀಲ ಕಟ್ಟಿದರು. ಈ ಸಲ ಇಂಜಿನ್ನು ಏದುಸಿರು ಬಿಡುತ್ತ ತಿರುಗಿತು, ನಿಲ್ಲಲಿಲ್ಲ. ಹಗ್ಗದಿಂದ ಹೊಗೆ ಎದ್ದಿತು.

"ನೀರಾ!"

ಹಾಕಿದೆ. ಚೊಯ್ ಎಂದಿತು. ಸುಟ್ಟ ಸೆಣಬಿನ ವಾಸನೆ ಅಂಗಳ ತುಂಬಿತು.

"ನೀರಾ ಅಕ್ಕಾರ, ಇನ್ನಷ್ಟು!"

ಮತ್ತೆ ಹಾಕಿದೆ. ಮಗಳು ತನ್ನ ಸಣ್ಣ ಕೈಯನ್ನೂ ಕೊಡಕ್ಕೆ ಕೊಟ್ಟಿದ್ದಳು, ತಾನೇ ಹಾಕುತ್ತಿದ್ದೇನೆ ಎನ್ನುವ ಹಾಗೆ. ಮೈದುನ ಮುಳ್ಳು ನೋಡಿ ಕೂಗಲಿಲ್ಲ, ಮೆಲ್ಲಗೆ ಹೇಳಿದ. ಮೇಸ್ತ್ರಿ ಅದನ್ನು ಕಳೆದ. ಗೋಡೆಯ ಮೇಲೆ ಹತ್ತು ಕುದುರೆಯೂ ಪೂರ್ತಿ ನಿಲ್ಲಲಿಲ್ಲ. ಯಜಮಾನರು ಇನ್ನೊಮ್ಮೆ ಮಾಡಿಸಿದರು, ಮೊದಲನೆಯದಕ್ಕಿಂತ ಸ್ವಲ್ಪ ಬೇರೆ ಬಂತು. ಮತ್ತೊಮ್ಮೆ, ಹಗ್ಗ ಒದ್ದೆಯಾಗಿದ್ದಕ್ಕೆ ಇನ್ನೂ ಬೇರೆ. "ಯಾವುದು ಖರೇ ಹಂಗಾದ್ರ?" ಎಂದರು. ಮೇಸ್ತ್ರಿ ತಲೆ ಕೆರೆದುಕೊಂಡ. "ಎಲ್ಲಾಕ್ಕಿಂತ ಕಡಿಮಿ ಯಾವುದು ಬಂದೈತಿ, ಅದನ್ನ ನಂಬ್ರಿ," ಎಂದೆ ನಾನು. ಅದು ಲೆಕ್ಕವಲ್ಲ, ಅಂಜಿಕೆ. ಆದರೂ ಯಜಮಾನರು ಇಪ್ಪತ್ತನ್ನು ಅಂಗೈಯಿಂದ ಒರೆಸಿ ಆ ಕಡಿಮೆಯದನ್ನೇ ಉಳಿಸಿಕೊಂಡರು.

ಆಮೇಲೆ ಜೀಪು ಬಹಳ ವರ್ಷ ಓಡಿತು. ಮಂದಿಯನ್ನು ತುರುಕಲಿಲ್ಲ. ಬ್ರೇಕು ಹೊಸದು ಹಾಕಿಸಿದರು. ಕುಷ್ಟಗಿಯ ದಾರಿಯಲ್ಲಿ ಏರು ಬಂದರೆ ಯಜಮಾನರು ಗಾಡಿ ನಿಲ್ಲಿಸಿ "ಇಳೀರಿ, ನಡೀರಿ" ಎನ್ನುತ್ತಿದ್ದರು. "ಏನಪಾ, ನಿನ್ನ ಕುದುರಿ ದಣದಾವೇನು? ಹುಲ್ಲು ಹಾಕೂಣೇನು?" ಎಂದು ಸಂತೆಗೆ ಹೊರಟವರು ಛೇಡಿಸುತ್ತಿದ್ದರು. ಛೇಡಿಸುತ್ತಲೇ ಇಳಿದು ನಡೆಯುತ್ತಿದ್ದರು. ಮಗಳು ದೊಡ್ಡವಳಾದಳು. ಕೂದಲು ಮತ್ತೆ ಬಂತು, ಸೊಂಟಕ್ಕೆ ಬಂತು. ಅವಳಿಗೂ ಒಬ್ಬಳು ಮಗಳು ಹುಟ್ಟಿದಳು. ಆ ಮಗಳೇ ಇವಳು, ಕಾರನ್ನು ನಿಂತಲ್ಲೇ ಓಡಿಸುವವಳು!

ಹೋದ ವಾರ ಅವಳ ಗ್ಯಾರೇಜಿನಲ್ಲಿ ಆ ಅಂಕಿಗೆ ಎಲ್ಲರೂ ಚಪ್ಪಾಳೆ ಹೊಡೆಯುವಾಗ ಇವಳು ಮಾತ್ರ ಹೊಡೆಯಲಿಲ್ಲ. ಗಾಲಿಯ ಹತ್ತಿರ ಕೂತು ಗಾಳಿ ನೋಡಿದಳು, ಪಟ್ಟಿ ಬಿಗಿದಳು, ಬಿಸಿ ನೋಡಿದಳು. ಮತ್ತೆ ಓಡಿಸಿದಳು. ಬೇರೆ ಅಂಕಿ. ಮತ್ತೊಮ್ಮೆ. ಇನ್ನೂ ಬೇರೆ. ಕಾರಿನ ಮಾಲೀಕ ತಡೆಯಲಾರದೆ, "ಮೊದಲನೇದೇ ಬರಕೊಡ್ರಿ ಮೇಡಂ, ಅದಾ ಛಲೋ ಇತ್ತು" ಎಂದ.

"ಛಲೋ ಇತ್ರಿ. ಆದ್ರ ಖರೇ ಇರಲಿಲ್ಲ," ಎಂದಳು. "ಗಾಲಿ ಉರುಳಿ ಮ್ಯಾಲ ಜಾರಿತ್ತು. ಜಾರಿದ್ರ ಅಂಕಿ ನಂಬೂದಲ್ಲ."

ಜಾರಿತ್ತಂತೆ! ಯಾರೂ ಹೇಳಿಕೊಡದೆ ನನ್ನ ಹುಡುಗಿಗೆ ಗೊತ್ತಾಗಿದೆ! ನನಗೆ ಎದ್ದು ಕುಣಿಯುವ ಹಾಗಾಯಿತು. ಮೊಣಕಾಲು ಬಿಡಲಿಲ್ಲ, ಇಲ್ಲದಿದ್ದರೆ ಕುಣಿಯುತ್ತಿದ್ದೆ.

ಕಡೆಯ ಸಲ ಓಡಿಸುವಾಗ ಗಾಲಿಯ ರಬ್ಬರು ಕಾದು ವಾಸನೆ ಬಂತು. ಮಾಲೀಕ ಮೂಗಿಗೆ ಕರವಸ್ತ್ರ ಹಿಡಿದ. ನಾನು ಆ ವಾಸನೆಯನ್ನು ಎದೆ ತುಂಬ ಎಳೆದುಕೊಂಡೆ. ಗಾಲಿ ಉರುಳೆಯನ್ನು ಕಚ್ಚಿ ಹಿಡಿದಿದೆ ಎಂದು ಆಗ ನನ್ನ ಅಂಜಿಕೆ ಇಳಿಯಿತು. ಅವಳು ಕಾರಿನಿಂದ ಇಳಿದು ನನ್ನ ಕಡೆ ನೋಡಿ ನಗತೊಡಗಿದಳು.

"ಅಜ್ಜಿ, ಆ ಬಾಟ್ಲಿ ಯಾಕ ಹಂಗ ಹಿಡದಿ? ಮುಚ್ಚಳ ಬ್ಯಾರೆ ತಗದಿಯಲ್ಲ, ಕುಡೀ ಬೇಕಾದ್ರ."

ನೋಡಿದರೆ ಕುಡಿಯಲು ಕೊಟ್ಟಿದ್ದ ನೀರಿನ ಬಾಟಲಿಯನ್ನು ಎರಡೂ ಕೈಯಲ್ಲಿ ಎದೆಗೆ ಎತ್ತಿ ಹಿಡಿದು, ಕುರ್ಚಿಯ ತುದಿಗೆ ಬಂದು ಕೂತಿದ್ದೇನೆ. ಅವಳು ನೀರಾ ಎಂದಿದ್ದರೆ ಹಾಕಿಯೇಬಿಡುತ್ತಿದ್ದೆ.